ಎಕ್ಸ್ = ಎಕ್ಸ್ + 1: ಮಕ್ಕಳ ಪ್ರಶ್ನೆಗೆ ‘ಡಬ್ಬಿ’ ಉತ್ತರ ಸಾಲದು

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಪಿಯುಸಿ ಮಕ್ಕಳಿಗೆ ಅಂತ ಬಂದ ಪ್ರೋಗ್ರಾಮಿಂಗ್ ಪಾಠ ಓದಿದೆ. ಕನ್ನಡದಲ್ಲಿ ಇಂಥದ್ದು ಬರೋದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಅದರಲ್ಲಿ ಎರಡು ಮಾತು ಓದಿ ಸುಮ್ನೆ ಇರೋಕೆ ಆಗಲಿಲ್ಲ. ಒಂದು, ವೇರಿಯಬಲ್ (ಪ್ರೋಗ್ರಾಮಿನಲ್ಲಿ ಬೆಲೆಯೊಂದಕ್ಕೆ ಇಡುವ ಹೆಸರು) ಅಂದರೆ ಡಬ್ಬಿ, = ಚಿಹ್ನೆ ಹಾಕಿದರೆ ಬಲಗಡೆ ಇರೋದು ಆ ಡಬ್ಬಿಯೊಳಗೆ ಹೋಗುತ್ತದೆ ಅನ್ನೋದು. ಇನ್ನೊಂದು, ಎಕ್ಸ್ = ಎಕ್ಸ್ + 1 ಅನ್ನೋದು ಗಣಿತದಲ್ಲಿ ತಪ್ಪು, ಕಂಪ್ಯೂಟರಿನಲ್ಲಿ ಸರಿ, ಹಾಗೇ ನೆನಪಿಟ್ಟುಕೊಳ್ಳಿ ಅನ್ನೋದು.

ಇಲ್ಲಿ ಹಾಸನದಲ್ಲಿ ನಾನು ಪಿಯುಸಿ ಮತ್ತು ಡಿಪ್ಲೊಮಾ ಮಕ್ಕಳಿಗೆ ಸಂಜೆ ಹೊತ್ತು ಇದೇ ಪಾಠ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಒಬ್ಬನೋ ಒಬ್ಬಳೋ ಕೇಳಿಯೇ ಕೇಳುತ್ತಾರೆ: ‘ಸರ್, ಎಕ್ಸ್ ಹೇಗೆ ಎಕ್ಸ್ + 1ಕ್ಕೆ ಸಮ ಆಗುತ್ತೆ? ಎರಡೂ ಕಡೆ ಎಕ್ಸ್ ಹೊಡೆದುಹಾಕಿದರೆ ಸೊನ್ನೆ ಸಮ ಒಂದು ಅಂತ ಬರುತ್ತಲ್ವಾ?’ ನನ್ನ ಪ್ರಕಾರ ಇಡೀ ವರ್ಷದಲ್ಲಿ ಬರುವ ಪ್ರಶ್ನೆಗಳಲ್ಲಿ ಒಳ್ಳೆಯದು ಇದೇ. ಅದಕ್ಕೆ ‘ಹಾಗೇ ನೆನಪಿಟ್ಟುಕೋ’ ಅಂದರೆ ಆ ಮಗು ಆಮೇಲೆ ಪ್ರಶ್ನೆ ಕೇಳೋದನ್ನೇ ಬಿಡುತ್ತೆ.

ಮೊದಲು ಈ ಚಿಹ್ನೆಯ ಕಥೆ. = ಅನ್ನೋದನ್ನು 1557ರಲ್ಲಿ ರಾಬರ್ಟ್ ರೆಕಾರ್ಡ್ ಅನ್ನುವ ವೇಲ್ಸ್ ದೇಶದ ಲೆಕ್ಕದ ಮೇಷ್ಟ್ರು ತನ್ನ ಪುಸ್ತಕದಲ್ಲಿ ಬಳಸಿದ. ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಬೇರೆ ಏನಿದೆ ಅನ್ನೋದು ಅವನ ವಾದ. ಅಲ್ಲಿಂದ ಮುಂದೆ ಗಣಿತದಲ್ಲಿ ಅದಕ್ಕೆ ಗಟ್ಟಿಯಾಗಿ ನಿಂತದ್ದು ‘ಸಮ’ ಅನ್ನುವ ಅರ್ಥ. 1957ರಲ್ಲಿ ಐಬಿಎಂನಲ್ಲಿ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಭಾಷೆ ತಂದಾಗ, ‘ಬಲಗಡೆಯ ಲೆಕ್ಕ ಮಾಡಿ ಬಂದ ಉತ್ತರವನ್ನು ಎಡಗಡೆಯ ಹೆಸರಿಗೆ ಕೊಡು’ ಅನ್ನುವ ಅಪ್ಪಣೆಗೂ ಇದೇ ಚಿಹ್ನೆ ಹಾಕಿಬಿಟ್ಟಿತು. ಇದು ಎಲ್ಲರಿಗೂ ಹಿಡಿಸಲಿಲ್ಲ. ಮುಂದಿನ ವರ್ಷವೇ ಬಂದ ಆಲ್ಗಾಲ್‌ನಲ್ಲಿ := ಅಂತ ಬೇರೆ ಚಿಹ್ನೆ ಮಾಡಿದರು, = ಅನ್ನು ಸಮ ಇದೆಯೇ ಅಂತ ಹೋಲಿಸಲು ಉಳಿಸಿಕೊಂಡರು. 1970ರ ಪ್ಯಾಸ್ಕಲ್ ಕೂಡ ಅದೇ ದಾರಿ ಹಿಡಿಯಿತು. ಎಪಿಎಲ್‌ನವರು ಎಡಕ್ಕೆ ತಿರುಗಿದ ಬಾಣವನ್ನೇ ಹಾಕಿದರು, ನೋಡಿದ ಕೂಡಲೇ ಯಾವುದು ಯಾವುದಕ್ಕೆ ಹೋಗುತ್ತೆ ಅಂತ ಗೊತ್ತಾಗುತ್ತೆ. ಕೋಬಾಲ್‌ನವರು ಸುಮ್ಮನೆ ಬೆಲೆ ಕೊಡೋದನ್ನು ‘ಮೂವ್’ ಅಂತ ಮಾತಿನಲ್ಲೇ ಬರೆಸಿದರು.

ಮತ್ತೆ = ಹೇಗೆ ಗೆದ್ದಿತು? ಸಿ ಭಾಷೆಗೆ ತಾಯಿಯಂತಿದ್ದ ಬಿ ಭಾಷೆಯನ್ನು ಮಾಡಿದ ಕೆನ್ ಥಾಂಪ್ಸನ್ ಕೊಟ್ಟ ಕಾರಣ ಕೇಳಿದರೆ ನಗು ಬರುತ್ತೆ. ಪ್ರೋಗ್ರಾಮ್‌ಗಳಲ್ಲಿ ಬೆಲೆ ಕೊಡುವ ಸಾಲುಗಳು ಸಮ ಇದೆಯೇ ಅಂತ ನೋಡುವ ಸಾಲುಗಳಿಗಿಂತ ಸುಮಾರು ಎರಡರಷ್ಟು ಜಾಸ್ತಿ ಬರುತ್ತವೆ, ಹಾಗಾಗಿ ಅದರ ಚಿಹ್ನೆ ಅರ್ಧ ಉದ್ದ ಇರಲಿ. ಅಷ್ಟೇ! ಬೆಲೆ ಕೊಡಲು =, ಹೋಲಿಸಲು ==. ಬಿಯಿಂದ ಸಿಗೆ, ಸಿಯಿಂದ ಸಿ++, ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್‌ಗೆ ಅದು ಹಾಗೇ ಬಂತು. ಟೈಪ್ ಮಾಡುವವನ ಒಂದು ಕೀ ಉಳಿಸಲು ಹೋಗಿ ಐವತ್ತು ವರ್ಷದಿಂದ ಮಕ್ಕಳ ತಲೆ ಕೆಡಿಸುತ್ತಿದ್ದೇವೆ. ಪ್ಯಾಸ್ಕಲ್ ಮಾಡಿದ ನಿಕ್ಲಾಸ್ ವಿರ್ತ್ ವಯಸ್ಸಾದ ಮೇಲೂ ಈ ಬಗ್ಗೆ ಬರೆದು ಬೈದಿದ್ದರು, ನನಗೆ ಅವರ ಮೇಲೇ ಜಾಸ್ತಿ ಪ್ರೀತಿ.

ಇದು ಬರೀ ಮಕ್ಕಳ ಗೊಂದಲ ಅಂದುಕೊಳ್ಳಬೇಡಿ. 2003ರ ನವೆಂಬರ್‌ನಲ್ಲಿ ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸೋರ್ಸ್ ಕೋಡಿನ ಒಂದು ಪ್ರತಿಯೊಳಗೆ ಯಾರೋ ಕಳ್ಳತನದಿಂದ ಎರಡು ಸಾಲು ಸೇರಿಸಿದ್ದರು. ನೋಡಲು ಅದು ‘ಬಳಕೆದಾರನ ನಂಬರ್ ಸೊನ್ನೆಯಾ ಅಂತ ನೋಡು’ ಅನ್ನುವ ಸಾಧಾರಣ ತಪಾಸಣೆ. ಆದರೆ == ಇರಬೇಕಾದ ಕಡೆ = ಒಂದೇ ಇತ್ತು. ಲಿನಕ್ಸ್‌ನಲ್ಲಿ ಸೊನ್ನೆ ನಂಬರ್ ಅಂದರೆ ರೂಟ್, ಅಂದರೆ ಇಡೀ ಯಂತ್ರದ ಯಜಮಾನ. ಹಾಗಾಗಿ ಆ ಸಾಲು ಸೊನ್ನೆಯಾ ಅಂತ ಕೇಳುತ್ತಿರಲಿಲ್ಲ, ಸೊನ್ನೆ ಮಾಡಿಬಿಡುತ್ತಿತ್ತು. ಆ ಕರ್ನಲ್ ಇರುವ ಕಂಪ್ಯೂಟರಿನಲ್ಲಿ ಸಾಮಾನ್ಯ ಬಳಕೆದಾರನಾಗಿದ್ದವನಿಗೆ ಗುಟ್ಟು ಗೊತ್ತಿದ್ದರೆ ಸಾಕು, ಪೂರ್ತಿ ಅಧಿಕಾರ ಅವನ ಕೈಗೆ. ಮೂಲ ಪ್ರತಿಯಲ್ಲಿ ಈ ಬದಲಾವಣೆಗೆ ದಾಖಲೆ ಇಲ್ಲ ಅಂತ ಬೇಗ ಪತ್ತೆಯಾಯಿತು, ಬಚಾವಾಯಿತು. ಪೈಥಾನ್‌ನಲ್ಲಿ ಈ ಕಾಟ ಇಲ್ಲ, ಇಫ್ ಷರತ್ತಿನೊಳಗೆ ಒಂಟಿ = ಹಾಕಿದರೆ ಅದು ಓಡೋದೇ ಇಲ್ಲ. ಹೊಸ ಆವೃತ್ತಿಗಳಂತೂ ‘== ಅಂತ ಬರೆಯಬೇಕಿತ್ತಾ?’ ಅಂತ ಕೇಳುತ್ತವೆ. ಅದೇ ಪೈಥಾನಿಗೆ 3.8ನೇ ಆವೃತ್ತಿಯಲ್ಲಿ, 2019ರಲ್ಲಿ, := ಕೂಡ ಸೇರಿತು, ಲೆಕ್ಕದ ನಡುವೆಯೇ ಹೆಸರು ಕೊಡಲು. ಅದರ ಮೇಲೆ ಎಂಥ ಜಗಳ ನಡೆಯಿತು ಅಂದರೆ, ಭಾಷೆಯನ್ನು ಹುಟ್ಟುಹಾಕಿದ ಗೀಡೊ ವಾನ್ ರಾಸಮ್ ಅವರೇ 2018ರಲ್ಲಿ ಸಾಕಪ್ಪಾ ಅಂತ ಯಜಮಾನಿಕೆ ಬಿಟ್ಟುಕೊಟ್ಟರು. ಎರಡು ಚುಕ್ಕೆ ಎರಡು ಗೆರೆಗೆ!

ಈಗ ಡಬ್ಬಿ ವಿಷಯಕ್ಕೆ ಬರುತ್ತೇನೆ. ನನ್ನ ನಿಜವಾದ ತಕರಾರು ಇರೋದು ಇಲ್ಲಿ.

ಸಿ ಅಥವಾ ಸಿ++ ಭಾಷೆಗೆ ಡಬ್ಬಿಯ ಮಾತು ಪರವಾಗಿಲ್ಲ. ಅಲ್ಲಿ ವೇರಿಯಬಲ್ ಅಂದರೆ ಮೆಮೊರಿಯಲ್ಲಿ ಒಂದು ಜಾಗ. ಇಂಟ್ ಅಂತ ಬರೆದರೆ ಇವತ್ತಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ 4 ಬೈಟ್ ಜಾಗ. ಆದರೆ ಪಿಯುಸಿಯಲ್ಲಿ ಈಗ ಓದೋದು ಪೈಥಾನ್. ಸಿ++ ಹೋಯಿತು, ಡಬ್ಬಿ ಮಾತ್ರ ಹಾಗೇ ಉಳಿಯಿತು. ಪೈಥಾನ್‌ನಲ್ಲಿ ಹೆಸರಿನೊಳಗೆ ಏನೂ ಇರಲ್ಲ. ವಸ್ತು ಎಲ್ಲೋ ಮೆಮೊರಿಯಲ್ಲಿ ಇರುತ್ತೆ, ಹೆಸರು ಅದನ್ನು ಕರೆಯಲು ಅಷ್ಟೇ. ಮನೆಯಲ್ಲಿ ‘ಮಂಜ’ ಅಂತಾರೆ, ಆಫೀಸಿನಲ್ಲಿ ‘ಮಂಜುನಾಥ್ ಸರ್’ ಅಂತಾರೆ, ಆಳು ಒಬ್ಬನೇ. ಮಂಜ ಮೀಸೆ ಬೋಳಿಸಿದರೆ ಮಂಜುನಾಥ್ ಸರ್‌ಗೆ ಮೀಸೆ ಉಳಿಯುತ್ತಾ?

ಇದನ್ನು ನಾಲ್ಕು ಸಾಲಿನಲ್ಲಿ ತೋರಿಸಬಹುದು. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು ಅಂತ ಎಷ್ಟೋ ಮೇಷ್ಟ್ರುಗಳಿಗೇ ಗೊತ್ತಿಲ್ಲ, ಹಾಗಾಗಿ ಕನ್ನಡದಲ್ಲೇ ಬರೆಯುತ್ತೇನೆ. ಆಲೂಗಡ್ಡೆ, ಶುಂಠಿ ಎರಡರ ರೇಟು ಅಂದುಕೊಳ್ಳಿ (ರೇಟು ನಾನು ಹಾಕಿದ್ದು, ಮಂಡಿಯವರು ಜಗಳಕ್ಕೆ ಬರಬೇಡಿ). ಚೌಕ ಆವರಣದೊಳಗೆ ಬರೆದದ್ದು ಲಿಸ್ಟ್, ಅಂದರೆ ಪಟ್ಟಿ; [0] ಅಂದರೆ ಅದರ ಮೊದಲನೆಯದು:

ನಿನ್ನೆ = [20, 60]
ಇವತ್ತು = ನಿನ್ನೆ
ಇವತ್ತು[0] = 25

ಇದಾದ ಮೇಲೆ ನಾಲ್ಕನೇ ಸಾಲಿನಲ್ಲಿ ‘ನಿನ್ನೆ’ಯನ್ನು ಪ್ರಿಂಟ್ ಮಾಡಿ ನೋಡಿ. [25, 60] ಅಂತ ಬರುತ್ತೆ. ಇವತ್ತು ಆಲೂಗಡ್ಡೆ ರೇಟು ಬದಲಾಯಿಸಿದರೆ ನಿನ್ನೆಯ ರೇಟೂ ಬದಲಾಗಿ ಕೂತಿದೆ! ಡಬ್ಬಿ ಕಥೆ ನಂಬಿದ ಹುಡುಗ ಇಲ್ಲಿ ಕಕ್ಕಾಬಿಕ್ಕಿ ಆಗುತ್ತಾನೆ. ಅವನ ಲೆಕ್ಕದಲ್ಲಿ ಎರಡನೇ ಸಾಲು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿದಿತ್ತು, ಈಗ ಎರಡೂ ಬೇರೆ ಬೇರೆ. ಪೈಥಾನ್ ಮಾಡಿದ್ದು ಬೇರೆ. ಲಿಸ್ಟ್ ಇದ್ದದ್ದು ಒಂದೇ, ಎರಡನೇ ಸಾಲು ಅದಕ್ಕೆ ಇನ್ನೊಂದು ಹೆಸರು ಕೊಟ್ಟಿತು. ಮೂರನೇ ಸಾಲು ಆ ಲಿಸ್ಟನ್ನೇ ತಿದ್ದಿತು. ಅನುಮಾನ ಇದ್ದರೆ ವಸ್ತುವಿನ ಗುರುತಿನ ನಂಬರ್ ಹೇಳುವ ‘ಐಡಿ’ ಅನ್ನುವ ಫಂಕ್ಷನ್‌ಗೆ ಎರಡೂ ಹೆಸರು ಕೊಟ್ಟು ನೋಡಲಿ, ಒಂದೇ ನಂಬರ್ ಬರುತ್ತೆ. ಬೇರೆ ಪ್ರತಿಯೇ ಬೇಕು ಅಂದರೆ ಎರಡನೇ ಸಾಲನ್ನು ಹೀಗೆ ಬರೆಯಬೇಕು:

ಇವತ್ತು = ನಿನ್ನೆ[:]

ಆಗ ಹೊಸ ಲಿಸ್ಟ್ ಹುಟ್ಟುತ್ತೆ, ನಿನ್ನೆಯದು ನಿನ್ನೆಯದಾಗೇ ಇರುತ್ತೆ. ತಮಾಷೆ ಅಂದರೆ ಸಿ++ನಲ್ಲಿ ಇದೇ ಕೆಲಸವನ್ನು ವೆಕ್ಟರ್ (ಅಲ್ಲಿನ ಪಟ್ಟಿ) ಇಟ್ಟುಕೊಂಡು ಮಾಡಿದರೆ, ಬರೀ = ಹಾಕಿದರೂ ಪೂರ್ತಿ ಪ್ರತಿ ಆಗುತ್ತೆ. ಜಾವಾದಲ್ಲಿ ಲಿಸ್ಟ್‌ಗೆ ಪೈಥಾನ್ ಥರಾನೇ. ಚಿಹ್ನೆ ಅದೇ, ಕೆಲಸ ಭಾಷೆಯಿಂದ ಭಾಷೆಗೆ ಬೇರೆ. ‘= ಅಂದರೆ ಇದು’ ಅಂತ ಒಂದೇ ಏಟಿಗೆ ಹೇಳೋಕೆ ಆಗಲ್ಲ ಅನ್ನೋದು ಇದಕ್ಕೇ.

ಡಬ್ಬಿ ಕಥೆಯ ಅಪಾಯ ಏನು ಅಂದರೆ ಅದು ಮೊದಲ ಅಧ್ಯಾಯದಲ್ಲಿ ಸರಿಯಾಗೇ ಕೆಲಸ ಮಾಡುತ್ತೆ. ಎ = 5, ಬಿ = ಎ, ಬಿ = ಬಿ + 1 ಅಂತ ಬರೆದು ನೋಡಿದರೆ ಎ ಐದೇ, ಬಿ ಆರು. ಮಗು ಖುಷಿ, ಮೇಷ್ಟ್ರೂ ಖುಷಿ. ಆದರೆ ಒಳಗೆ ನಡೆದದ್ದು ಏನು? 5 ಅನ್ನುವ ಸಂಖ್ಯೆಯನ್ನು ಪೈಥಾನ್‌ನಲ್ಲಿ ತಿದ್ದೋಕೆ ಬರಲ್ಲ. ಬಿ + 1 ಲೆಕ್ಕ ಮಾಡಿದಾಗ 6 ಅನ್ನುವ ಬೇರೆ ವಸ್ತು ಸಿಗುತ್ತೆ, ಬಿ ಅನ್ನುವ ಹೆಸರು ಐದನ್ನು ಬಿಟ್ಟು ಆರಕ್ಕೆ ಅಂಟಿಕೊಳ್ಳುತ್ತೆ. ಎ ಮೊದಲಿನ ಐದರ ಹತ್ತಿರವೇ ಇರುತ್ತೆ. ತಪ್ಪು ಕಾರಣದಿಂದ ಸರಿ ಉತ್ತರ ಬಂತು. ಲಿಸ್ಟ್ ಅಧ್ಯಾಯ ಬರೋವರೆಗೂ ಇದು ಬಯಲಾಗಲ್ಲ. ಅಷ್ಟೊತ್ತಿಗೆ ಡಬ್ಬಿ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತೆ.

ಸರಿ, ಡಬ್ಬಿ ಅಂತಲೇ ಇಟ್ಟುಕೊಳ್ಳೋಣ, ಆಗ ಅದರ ಅಳತೆಯನ್ನಾದರೂ ಹೇಳಬೇಕಿತ್ತಲ್ವಾ? 16 ಬಿಟ್‌ನ ಜಾಗಕ್ಕೆ 32,767ಕ್ಕಿಂತ ದೊಡ್ಡ ಪೂರ್ಣಾಂಕ ಹಿಡಿಸಲ್ಲ (ಮೈನಸ್ ಸಂಖ್ಯೆಗೂ ಜಾಗ ಇಟ್ಟರೆ). ಹಿಡಿಸದೇ ಇರೋದನ್ನು ಅಸೈನ್ ಮಾಡಿದರೆ, ಅಂದರೆ ಬೆಲೆಯಾಗಿ ಕೊಟ್ಟರೆ, ಏನಾಗುತ್ತೆ ಅನ್ನೋದಕ್ಕೆ ಹಾಸನದವರಿಗೆ ಹತ್ತಿರದ ಕಥೆಯೇ ಇದೆ. ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಮಗೆಲ್ಲ ಗೊತ್ತು. ನಮ್ಮ ದೊಡ್ಡ ದೊಡ್ಡ ಸಂಪರ್ಕ ಉಪಗ್ರಹಗಳು ಎಷ್ಟೋ ವರ್ಷ ದಕ್ಷಿಣ ಅಮೆರಿಕದ ಕೌರು ನೆಲೆಯಿಂದ ಯುರೋಪಿನ ಏರಿಯನ್ ರಾಕೆಟ್‌ನಲ್ಲೇ ಹೋಗುತ್ತಿದ್ದವು. 2018ರ ಡಿಸೆಂಬರ್‌ನಲ್ಲಿ ಹಾರಿದ 5,854 ಕೆಜಿಯ ಜಿಸ್ಯಾಟ್-11 ಹೋಗಿದ್ದೂ ಏರಿಯನ್-5ರಲ್ಲಿ, ರಾಕೆಟ್‌ನಿಂದ ಬೇರೆಯಾದ ಮೇಲೆ ಅದರ ಲಗಾಮು ಹಿಡಿದಿದ್ದು ಹಾಸನದವರು.

ಅದೇ ಏರಿಯನ್-5ರ ಮೊಟ್ಟಮೊದಲ ಹಾರಾಟ 1996ರ ಜೂನ್ 4ರಂದು. ನಲವತ್ತು ಸೆಕೆಂಡೂ ಆಗಿರಲಿಲ್ಲ, ರಾಕೆಟ್ ದಿಕ್ಕು ತಪ್ಪಿ ಚೂರಾಯಿತು. ಜೊತೆಗೆ ನಾಲ್ಕು ಉಪಗ್ರಹಗಳೂ ಹೋದವು. ವಿಚಾರಣೆ ಮಾಡಿದಾಗ ಸಿಕ್ಕಿದ್ದು ಒಂದು ಬೆಲೆ ಕೊಡುವ ಕೆಲಸ. ದಿಕ್ಕು ಅಳೆಯುವ ಕಂಪ್ಯೂಟರಿನಲ್ಲಿ, ಅಡ್ಡ ವೇಗಕ್ಕೆ ಸಂಬಂಧಪಟ್ಟ 64 ಬಿಟ್‌ನ ದಶಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕವಾಗಿ ಬದಲಾಯಿಸಿ ಹಾಕುತ್ತಿದ್ದರು. ಆ ಸಾಫ್ಟ್‌ವೇರ್ ಹಳೆಯ ಏರಿಯನ್-4ರದ್ದು. ಅದರ ಹಾದಿಯಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ಏರಿಯನ್-5 ಅಡ್ಡಕ್ಕೆ ಜಾಸ್ತಿ ವೇಗ ಪಡೆಯುವ ರಾಕೆಟ್, ಸಂಖ್ಯೆ ಹಿಡಿಸಲಿಲ್ಲ. ಹೀಗೆ ಬದಲಾಯಿಸುವ ಏಳು ವೇರಿಯಬಲ್‌ಗಳಲ್ಲಿ ನಾಲ್ಕಕ್ಕೆ ಕಾವಲು ಇಟ್ಟಿದ್ದರು, ಮೂರಕ್ಕೆ ಇಟ್ಟಿರಲಿಲ್ಲ, ಇದು ಆ ಮೂರರಲ್ಲಿ ಒಂದು. ಆ ಪ್ರೋಗ್ರಾಂ ಬರೆದಿದ್ದ ಏಡಾ ಭಾಷೆ ಎರರ್ ಎಬ್ಬಿಸಿತು, ಅದನ್ನು ಹಿಡಿದುಕೊಳ್ಳುವ ಕೋಡ್ ಇರಲಿಲ್ಲ. ಬದಲಿ ಕಂಪ್ಯೂಟರಿನಲ್ಲೂ ಅದೇ ಪ್ರೋಗ್ರಾಂ, ಅದೂ ಅದೇ ಕಾರಣಕ್ಕೆ ಕೈಚೆಲ್ಲಿತು. ಹೊಟ್ಟೆ ಉರಿಯೋದು ಇದಕ್ಕೆ: ರಾಕೆಟ್ ನೆಲ ಬಿಟ್ಟ ಮೇಲೆ ಆ ಲೆಕ್ಕದ ಅಗತ್ಯವೇ ಇರಲಿಲ್ಲ!

ಏಡಾ ದೂರನ್ನಾದರೂ ಹೇಳಿತು. ಸಿ ಭಾಷೆಯಲ್ಲಿ 16 ಬಿಟ್‌ನ ಜಾಗದಲ್ಲಿ 32,767 ಇಟ್ಟು ಅದಕ್ಕೆ ಒಂದು ಕೂಡಿಸಿ ಮತ್ತೆ ಅಲ್ಲೇ ಇಟ್ಟರೆ, ಸಾಮಾನ್ಯ ಕಂಪೈಲರ್‌ಗಳಲ್ಲಿ (ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂಗಳು) ಸದ್ದಿಲ್ಲದೆ ಮೈನಸ್ 32,768 ಆಗಿ ಕೂರುತ್ತೆ. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಇಂಥ ಮಿತಿ ಇಲ್ಲ, ಮೆಮೊರಿ ಇರುವಷ್ಟೂ ಬೆಳೆಯುತ್ತೆ.

ಈಗ ಆ ಮಗುವಿನ ಪ್ರಶ್ನೆಗೆ ವಾಪಸ್ ಬರಬೇಕು. ಎಕ್ಸ್ ಹೇಗೆ ಎಕ್ಸ್ + 1 ಆಗುತ್ತೆ? ಮೇಲ್ನೋಟದ ಉತ್ತರ ಸುಲಭ. ಇದು ಸಮೀಕರಣ ಅಲ್ಲ, ಅಪ್ಪಣೆ. ಮೊದಲು ಬಲಗಡೆ ನೋಡು, ಈಗಿನ ಎಕ್ಸ್ ತಗೋ, ಒಂದು ಕೂಡಿಸು, ಆಮೇಲೆ ಎಡಗಡೆಯ ಹೆಸರಿಗೆ ಕೊಡು. ಬಲಗಡೆಯ ಎಕ್ಸ್ ಹಳೆಯದು, ಎಡಗಡೆಯದು ಹೊಸದು. ನಡುವೆ ಕಾಲ ಸರಿದಿದೆ. ಇಷ್ಟು ಹೇಳಿದರೇ ಅರ್ಧ ಜನಕ್ಕೆ ಸಮಾಧಾನ ಆಗುತ್ತೆ. ಆದರೆ ನಿಮ್ಮ ಲೇಖಕರು ಬಿಟ್ಟ ವಿಷಯ ಇನ್ನೊಂದಿದೆ, ನನಗೆ ತುಂಬಾ ಇಷ್ಟವಾದದ್ದೂ ಅದೇ. ಕಂಪೈಲರ್‌ಗೂ ಈ ಸಾಲು ಇಷ್ಟ ಇಲ್ಲ!

ಸಿ, ಸಿ++, ರಸ್ಟ್ ಥರದ ಭಾಷೆಗಳ ಇವತ್ತಿನ ಕಂಪೈಲರ್‌ಗಳು ನಾವು ಬರೆದಿದ್ದನ್ನು ಹಾಗೇ ಇಟ್ಟುಕೊಳ್ಳಲ್ಲ. ಒಳಗೆ ತಮ್ಮದೇ ಒಂದು ರೂಪಕ್ಕೆ ತಂದುಕೊಳ್ಳುತ್ತವೆ. ಆ ರೂಪದ ನಿಯಮ ಏನೆಂದರೆ, ಒಂದು ಹೆಸರಿಗೆ ಒಂದೇ ಕಡೆ, ಒಂದೇ ಸಲ ಬೆಲೆ ಕೊಡಬೇಕು. ಇದಕ್ಕೆ ಎಸ್‌ಎಸ್‌ಎ (ಸ್ಟ್ಯಾಟಿಕ್ ಸಿಂಗಲ್ ಅಸೈನ್‌ಮೆಂಟ್) ಅಂತಾರೆ. 1980ರ ದಶಕದಲ್ಲಿ ಐಬಿಎಂನ ಸಂಶೋಧಕರು ಬೆಳೆಸಿದ ವಿಚಾರ, ಅದನ್ನು ಚುರುಕಾಗಿ ಕಟ್ಟುವ ವಿಧಾನ ವಿವರಿಸಿದ ಹೆಸರಾಂತ ಪ್ರಬಂಧ 1991ರಲ್ಲಿ ಬಂತು. ಇವತ್ತು ಕಂಪೈಲರ್ ಲೋಕದ ದೊಡ್ಡ ಹೆಸರುಗಳಾದ ಎಲ್‌ಎಲ್‌ವಿಎಂ, ಜಿಸಿಸಿ ಎರಡೂ ಇದನ್ನೇ ಬಳಸುತ್ತವೆ. ಉದಾಹರಣೆಗೆ ನಾವು ಹೀಗೆ ಬರೆದಿದ್ದರೆ,

ಎಕ್ಸ್ = 5
ಎಕ್ಸ್ = ಎಕ್ಸ್ + 1
ವೈ = ಎಕ್ಸ್ * 2

ಕಂಪೈಲರ್ ಅದನ್ನು ಹೀಗೆ ಓದಿಕೊಳ್ಳುತ್ತೆ:

ಎಕ್ಸ್1 = 5
ಎಕ್ಸ್2 = ಎಕ್ಸ್1 + 1
ವೈ1 = ಎಕ್ಸ್2 * 2

ನೋಡಿ, ಈಗ ಮೂರೂ ಸಾಲು ಗಣಿತದ ಪ್ರಕಾರವೂ ನಿಜ. ರೆಕಾರ್ಡ್ ಮೇಷ್ಟ್ರು ಬಂದು ನೋಡಿದರೂ ತಕರಾರು ಮಾಡಲ್ಲ. ಸಮೀಕರಣದ ಥರ ಒಂದರೊಳಗೆ ಒಂದನ್ನು ಇಟ್ಟರೆ ಎಕ್ಸ್2 ಆರು, ವೈ1 ಹನ್ನೆರಡು. ಇಷ್ಟು ಗೊತ್ತಾದ ಮೇಲೆ ಕಂಪೈಲರ್ ಎಕ್ಸ್ ಅನ್ನೇ ಎತ್ತಿ ಬಿಸಾಕುತ್ತೆ. ಮುಂದೆ ಯಾರೂ ಅದನ್ನು ಕೇಳದಿದ್ದರೆ ಅದಕ್ಕೆ ಮೆಮೊರಿಯಲ್ಲಿ ಜಾಗವೇ ಇಲ್ಲ. ಎಲ್ಲಿ ಹೋಯಿತು ಡಬ್ಬಿ? ಇಫ್ ಒಳಗೆ ಒಂದು ಬೆಲೆ, ಎಲ್ಸ್ ಒಳಗೆ ಇನ್ನೊಂದು ಬೆಲೆ ಕೊಟ್ಟು ಎರಡು ದಾರಿ ಸೇರುವ ಕಡೆ ಏನು ಮಾಡುತ್ತೆ ಅಂತ ಜಾಣ ಮಕ್ಕಳು ಕೇಳುತ್ತಾರೆ. ಅಲ್ಲಿ ಕಂಪೈಲರ್ ‘ಫೈ’ ಅಂತ ಒಂದು ಗುರುತು ಹಾಕುತ್ತೆ: ಈ ದಾರಿಯಿಂದ ಬಂದರೆ ಎಕ್ಸ್1, ಆ ದಾರಿಯಿಂದ ಬಂದರೆ ಎಕ್ಸ್2, ಎರಡಕ್ಕೂ ಸೇರಿ ಹೊಸ ಹೆಸರು ಎಕ್ಸ್3.

ಉಳಿದ ಹೆಸರುಗಳನ್ನು ಕೊನೆಗೆ ಪ್ರೊಸೆಸರ್‌ನ ರೆಜಿಸ್ಟರ್‌ಗಳಿಗೆ, ಅಂದರೆ ಅದರೊಳಗೇ ಇರುವ ಪುಟ್ಟ ಜಾಗಗಳಿಗೆ, ಹಂಚಬೇಕು. ನಮ್ಮ ಸಾಮಾನ್ಯ ಲ್ಯಾಪ್‌ಟಾಪ್‌ನ ಎಕ್ಸ್86-64 ಪ್ರೊಸೆಸರ್‌ನಲ್ಲಿ ಸಾಮಾನ್ಯ ಬಳಕೆಗೆ ಇರೋದು ಬಹುಕಾಲದಿಂದ 16 ರೆಜಿಸ್ಟರ್ ಮಾತ್ರ. ಒಂದೇ ಹೊತ್ತಿಗೆ ಬೇಕಾಗುವ ಎರಡು ಹೆಸರು ಒಂದೇ ರೆಜಿಸ್ಟರ್‌ನಲ್ಲಿ ಇರಬಾರದು. ಭೂಪಟದಲ್ಲಿ ಅಕ್ಕಪಕ್ಕದ ಜಿಲ್ಲೆಗೆ ಒಂದೇ ಬಣ್ಣ ಬರಬಾರದು ಅನ್ನುವ ಲೆಕ್ಕವೇ ಇದು ಅಂತ ಐಬಿಎಂನ ಗ್ರೆಗರಿ ಚೈಟಿನ್ ಮತ್ತು ಜೊತೆಯವರು 1980ರ ದಶಕದ ಶುರುವಿನಲ್ಲೇ ತೋರಿಸಿದರು. ಹಿಡಿಸದೇ ಉಳಿದವು ಮೆಮೊರಿಗೆ ಹೋಗುತ್ತವೆ.

ಇಷ್ಟೆಲ್ಲ ಪಿಯುಸಿಗೆ ಬೇಕಾ ಅಂತ ಕೇಳಬಹುದು. ಪರೀಕ್ಷೆಗೆ ಬೇಡ. ಆದರೆ ‘ನೀನು ಕೇಳಿದ್ದನ್ನೇ ಕಂಪೈಲರ್ ಬರೆಯುವವರೂ ಕೇಳಿಕೊಂಡರು, ಅವರ ಉತ್ತರ ಇದು’ ಅಂತ ಒಂದು ಮಾತು ಹೇಳೋಕೆ ಐದು ನಿಮಿಷ ಸಾಕು. ನಮ್ಮ ಕಡೆ ಈ ಪಾಠವನ್ನು = ಮತ್ತು == ನಡುವಿನ ವ್ಯತ್ಯಾಸ ಬರೆಯಿರಿ ಅಂತ ಎರಡು ಅಂಕದ ಪ್ರಶ್ನೆಗೆ ಇಳಿಸಿಬಿಟ್ಟಿದ್ದಾರೆ. ಬಾಯಿಪಾಠ ಮಾಡಿ ಎರಡು ಅಂಕ ತಗೊಂಡ ಹುಡುಗನೇ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ‘ಸರ್, ನನ್ನ ಲಿಸ್ಟ್ ತಾನೇ ತಾನಾಗಿ ಬದಲಾಗ್ತಿದೆ, ಲ್ಯಾಪ್‌ಟಾಪ್‌ಗೆ ವೈರಸ್ ಬಂದಿರಬೇಕು’ ಅಂತ ಫೋನ್ ಮಾಡುತ್ತಾನೆ.

ಮುಂದಿನ ಕಂತು ಫಂಕ್ಷನ್ ಬಗ್ಗೆ ಅಂತ ಪ್ರಕಟಿಸಿದ್ದೀರಿ. ದಯವಿಟ್ಟು ಅದಕ್ಕೂ ಮುಂಚೆ ಆಲೂಗಡ್ಡೆ, ಶುಂಠಿಯ ಆ ನಾಲ್ಕು ಸಾಲನ್ನೋ ಅಂಥದ್ದೇ ಬೇರೆ ಏನನ್ನೋ ಹಾಕಿ, ಮಕ್ಕಳು ಮೊಬೈಲಿನಲ್ಲೇ ಓಡಿಸಿ ನೋಡಲಿ. ಯಾಕೆ ಅಂದರೆ ಪೈಥಾನ್‌ನಲ್ಲಿ ಫಂಕ್ಷನ್‌ಗೆ ಲಿಸ್ಟ್ ಕಳಿಸೋದೂ ಒಂದು ಅಸೈನ್‌ಮೆಂಟೇ. ಒಳಗಡೆ ಅದೇ ಲಿಸ್ಟ್‌ಗೆ ಇನ್ನೊಂದು ಹೆಸರು ಬೀಳುತ್ತೆ, ಒಳಗೆ ತಿದ್ದಿದರೆ ಹೊರಗೂ ತಿದ್ದಿದಂತೆ. ಡಬ್ಬಿಯನ್ನೇ ಇಟ್ಟುಕೊಂಡು ಆ ಕಂತು ಬರೆದರೆ ಎರಡನೇ ಉದಾಹರಣೆಯಲ್ಲೇ ನಿಮ್ಮ ಲೇಖಕರು ಸಿಕ್ಕಿಹಾಕಿಕೊಳ್ಳುತ್ತಾರೆ.

ಇಂತಿ,
ಕಂಪ್ಯೂಟರ್ ಪಾಠ ಹೇಳುವ ಒಬ್ಬ ಓದುಗ
ಹಾಸನ